ಚಿಕ್ಕ ಡ್ರೈವು, ದೊಡ್ಡ ಟ್ರಾನ್ಸ್‌ಫಾರ್ಮರ್

ಇಂಡಕ್ಷನ್ ಮೋಟಾರಿನ ವೇಗ ಅದಕ್ಕೆ ಸಿಗುವ ವಿದ್ಯುತ್ತಿನ ಆವೃತ್ತಿಗೆ ಕಟ್ಟುಬಿದ್ದದ್ದು. ನಮ್ಮ ದೇಶದಲ್ಲಿ ಆ ಆವೃತ್ತಿ 50 ಹರ್ಟ್ಸ್. ಹಾಗಾಗಿ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1500 ಸುತ್ತಿಗಿಂತ ತುಸು ಕಡಿಮೆ ವೇಗದಲ್ಲಿ ತಿರುಗುತ್ತದೆ, ಅದಕ್ಕೆ ಜೋಡಿಸಿದ ಪಂಪಿಗೋ ಫ್ಯಾನಿಗೋ ಅಷ್ಟು ವೇಗ ಬೇಕಿರಲಿ, ಬೇಡದಿರಲಿ. ಈ ಕಟ್ಟನ್ನು ಬಿಚ್ಚಿದ್ದು ವಿಎಫ್‌ಡಿ, ಕಾರ್ಖಾನೆಯ ಮಾತಿನಲ್ಲಿ ಬರೀ ಡ್ರೈವು. ಬರುವ ಎಸಿಯನ್ನು ಮೊದಲು ಡಿಸಿ ಮಾಡಿಕೊಂಡು, ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ, ಬೇಕಾದ ಆವೃತ್ತಿಯ ಎಸಿಯನ್ನು ಹೊಸದಾಗಿ ಹೆಣೆದು ಮೋಟಾರಿಗೆ ಉಣಿಸುವ ಪೆಟ್ಟಿಗೆ ಅದು. ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿ 1968ರಲ್ಲೇ ಇಂಥ ಡ್ರೈವುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿತ್ತು. ಆದರೆ ಡ್ರೈವು ಚಿಕ್ಕದಾಗಿ, ಅಗ್ಗವಾಗಿ, ಊರೂರಿನ ಸಣ್ಣ ಕಾರ್ಖಾನೆಗಳಿಗೂ ಬಂದದ್ದು ಐಜಿಬಿಟಿ ಎಂಬ ಸ್ವಿಚ್ಚು ಹುಟ್ಟಿದ ಮೇಲೆ. ಅದನ್ನು 1980ರ ಆಸುಪಾಸಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ, 2024ರ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಸಂದಿತು. ಆ ಮನ್ನಣೆಗೆ ಐಜಿಬಿಟಿ ಪೂರ್ತಿ ಅರ್ಹ. ಆದರೆ ಅದು ಕೆಲಸ ಮಾಡುವುದು ಡ್ರೈವಿನ ಹಿಂಬಾಗಿಲಲ್ಲಿ, ಮೋಟಾರಿನ ಕಡೆ. ವಿದ್ಯುತ್ತು ಒಳಗೆ ಬರುವ ಮುಂಬಾಗಿಲಲ್ಲಿ ಇರುವುದು ಈಗಲೂ ಆರು ಡಯೋಡುಗಳು ಮತ್ತು ಅವುಗಳ ಬೆನ್ನಿಗೆ ಒಂದು ದೊಡ್ಡ ಕೆಪಾಸಿಟರ್, ಇಷ್ಟೇ. ಡ್ರೈವಿನ ಆಯುಷ್ಯದ ಬಹುಪಾಲು ನಿರ್ಧಾರವಾಗುವುದು ಈ ಮುಂಬಾಗಿಲಲ್ಲಿ. ಅಲ್ಲಿ ಕೂರಿಸುವ ಲೈನ್ ರಿಯಾಕ್ಟರ್ ಎಂಬ ತಾಮ್ರ-ಕಬ್ಬಿಣದ ಸುರುಳಿಯನ್ನು ದೊಡ್ಡ ಡ್ರೈವುಗಳಿಗೆ ಮಾತ್ರ ಬೇಕಾದ ಐಷಾರಾಮವೆಂದು ಹಲವರು ಎಣಿಸುತ್ತಾರೆ. ಲೆಕ್ಕ ಹಾಕಿದರೆ ಕಾಣುವುದು ಇದಕ್ಕೆ ತಿರುಗುಮುರುಗು: ಅದರ ಅಗತ್ಯ ಹೆಚ್ಚಾಗಿರುವುದು ದೊಡ್ಡ ಟ್ರಾನ್ಸ್‌ಫಾರ್ಮರಿನ ಮೇಲೆ ಕುಳಿತ ಚಿಕ್ಕ ಡ್ರೈವಿಗೆ.

ಮುಂಬಾಗಿಲಲ್ಲಿ ನಡೆಯುವುದನ್ನು ಮೊದಲು ನೋಡೋಣ. ಎರಡು ಫೇಸುಗಳ ನಡುವೆ 415 ವೋಲ್ಟ್ ಎಂದು ನಾವು ಹೇಳುವುದು ಒಂದು ಬಗೆಯ ಸರಾಸರಿ. ಅಲೆಯ ನೆತ್ತಿ ಮುಟ್ಟುವುದು ಸುಮಾರು 587 ವೋಲ್ಟನ್ನು. ಡ್ರೈವಿನ ಕೆಪಾಸಿಟರ್ ಹೆಚ್ಚುಕಡಿಮೆ ಆ ನೆತ್ತಿಯ ಮಟ್ಟದವರೆಗೆ ತುಂಬಿಕೊಂಡಿರುತ್ತದೆ. ಮೇಲಿನ ಕೆರೆಯ ನೀರು ಕೋಡಿಯ ಮಟ್ಟ ಮೀರಿದಾಗಲಷ್ಟೇ ಕೆಳಗಿನ ಕೆರೆಗೆ ಹರಿಯುವ ಹಾಗೆ, ಲೈನಿನ ವೋಲ್ಟೇಜು ಕೆಪಾಸಿಟರಿನ ವೋಲ್ಟೇಜನ್ನು ಮೀರಿದ ಚಿಕ್ಕ ಅವಧಿಯಲ್ಲಷ್ಟೇ ಡಯೋಡು ಕರೆಂಟನ್ನು ಒಳಗೆ ಬಿಡುತ್ತದೆ. ಅಲೆ ನೆತ್ತಿಗೆ ಬಂದ ಒಂದೆರಡು ಮಿಲಿಸೆಕೆಂಡು ಮಾತ್ರ ಬಾಗಿಲು ತೆರೆದಿರುತ್ತದೆ, ಉಳಿದ ಹೊತ್ತು ಮುಚ್ಚಿರುತ್ತದೆ. ಆದರೆ ಮೋಟಾರು ಕೇಳುವ ಶಕ್ತಿ ಎಡೆಬಿಡದೆ ಬೇಕು. ಅಷ್ಟನ್ನೂ ಆ ಕಿರು ಅವಧಿಯಲ್ಲೇ ಒಳಗೆ ತಂದುಕೊಳ್ಳಬೇಕಾದ್ದರಿಂದ ಕರೆಂಟು ನಯವಾದ ಅಲೆಯಾಗಿ ಬರದೆ ಚೂಪು ಶಿಖರಗಳಾಗಿ, ಪ್ರತಿ ಅರ್ಧ ಅಲೆಗೆ ಎರಡರಂತೆ, ನುಗ್ಗಿ ಬರುತ್ತದೆ. ಈ ಶಿಖರಗಳನ್ನು ಗಣಿತದಿಂದ ಬಿಡಿಸಿದರೆ 50 ಹರ್ಟ್ಸಿನ ಮೂಲ ಅಲೆಯ ಜೊತೆಗೆ ಅದರ ಐದು, ಏಳು, ಹನ್ನೊಂದು, ಹದಿಮೂರು ಪಟ್ಟು ಆವೃತ್ತಿಯ ಅಲೆಗಳು ಕಾಣುತ್ತವೆ: 250, 350, 550, 650 ಹರ್ಟ್ಸ್. ಇವೇ ಹಾರ್ಮೋನಿಕ್‌ಗಳು. ಇವು ಮೋಟಾರಿಗೆ ಚೂರೂ ದುಡಿಯುವುದಿಲ್ಲ, ಆದರೆ ತಾವು ಹರಿದ ಕೇಬಲ್ಲನ್ನೂ ಡಯೋಡನ್ನೂ ಕೆಪಾಸಿಟರನ್ನೂ ಬಿಸಿ ಮಾಡುತ್ತವೆ. ಕೆಪಾಸಿಟರಿಗಂತೂ ಬಿಸಿಯೇ ಮೃತ್ಯು. ಡ್ರೈವಿನಲ್ಲಿ ಬಳಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿರುವ ದ್ರವ ಕಾವಿಗೆ ಮೆಲ್ಲಗೆ ಒಣಗುತ್ತ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ನೆಚ್ಚುವ ಲೆಕ್ಕ. ಡ್ರೈವು ಒಂದು ದಿನ ಏಕಾಏಕಿ ಕೆಟ್ಟಿತು ಎಂದು ಕಾಣುವ ಎಷ್ಟೋ ಪ್ರಕರಣಗಳು ಹಿಂದಿನ ವರ್ಷಗಳಲ್ಲಿ ಹೀಗೆ ಮೆಲ್ಲಗೆ ಒಣಗಿದ ಕೆಪಾಸಿಟರಿನ ಕೊನೆಯ ದಿನಗಳಷ್ಟೇ.

ಆ ಶಿಖರ ಎಷ್ಟು ಚೂಪಾಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಯಾರು? ಡ್ರೈವೊಂದೇ ಅಲ್ಲ. ಕರೆಂಟು ಬರುವ ದಾರಿಯಲ್ಲಿ ಎಷ್ಟು ತಡೆಯಿದೆಯೋ ಶಿಖರ ಅಷ್ಟು ಮೊಂಡಾಗುತ್ತದೆ, ಮತ್ತು ಆ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಡೆ ಸಾಮಾನ್ಯವಾಗಿ ಕಾರ್ಖಾನೆಯ ಟ್ರಾನ್ಸ್‌ಫಾರ್ಮರಿನ ಒಳಗಿನದು. ಅದರಾಚೆಯ ಜಾಲವನ್ನು ಈ ಲೆಕ್ಕದಲ್ಲಿ ತಡೆಯೇ ಇಲ್ಲದ ಮೂಲವೆಂದು ಹಿಡಿದರೂ ತಪ್ಪಾಗದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳದಲ್ಲಿ ಕೂಡಿಕೊಂಡ ಮೇಲಂತೂ ಟ್ರಾನ್ಸ್‌ಫಾರ್ಮರಿನ ಬೆನ್ನಿಗಿರುವುದು ಇಡೀ ಭಾರತದ ಜನರೇಟರುಗಳು. ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಪ್ಪತ್ತು ಎಚ್‌ಪಿ, ಅಂದರೆ 15 ಕಿಲೋವ್ಯಾಟಿನ ಮೋಟಾರಿನ ಡ್ರೈವು. ಅದರ ಇನ್‌ಪುಟ್ ಸುಮಾರು 30 ಆಂಪಿಯರ್, ಅಂದರೆ ಇಪ್ಪತ್ತೊಂದು ಚಿಲ್ಲರೆ ಕೆವಿಎ. ಹಳ್ಳಿಗಳಲ್ಲಿ ಕಾಣುವ 25 ಕೆವಿಎ ಟ್ರಾನ್ಸ್‌ಫಾರ್ಮರಿನ ತಡೆ ಶೇಕಡಾ 4.5, ಅಂದರೆ ಪೂರ್ಣ ಕರೆಂಟಿನಲ್ಲಿ ವೋಲ್ಟೇಜಿನ ಅಷ್ಟು ಪಾಲು ಆ ತಡೆಯ ಮೇಲೆ ನಿಲ್ಲುತ್ತದೆ. ಈ ಡ್ರೈವೊಂದೇ ಅದರ ಮೇಲಿದ್ದರೆ, ಡ್ರೈವಿನ ಅಳತೆಯಲ್ಲಿ ನೋಡಿದಾಗ ಆ ತಡೆ ಹತ್ತಿರಹತ್ತಿರ ಶೇಕಡಾ 4 ಆಗುತ್ತದೆ. ಅದೇ ಡ್ರೈವನ್ನು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಶೇಕಡಾ 5 ತಡೆಯಿರುವ 500 ಕೆವಿಎ ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ ಕೂರಿಸಿ. ಡ್ರೈವಿನ ಅಳತೆಯಲ್ಲಿ ತಡೆ ಈಗ ಶೇಕಡಾ 0.2ಕ್ಕೆ ಇಳಿಯಿತು. ಡ್ರೈವು ಅದೇ, ಮೋಟಾರೂ ಅದೇ. ಆದರೆ ಮುಂಬಾಗಿಲ ಹೊರಗಿನ ಬಲ ಸುಮಾರು ಇಪ್ಪತ್ತು ಪಟ್ಟು ಹೆಚ್ಚಾಯಿತು. ವೋಲ್ಟೇಜು ಕದಲದ ಗಟ್ಟಿ ಸರಬರಾಜನ್ನು ಒಳ್ಳೆಯ ಸರಬರಾಜು ಎನ್ನುವುದು ರೂಢಿ, ಬಲ್ಬಿಗೂ ನೇರವಾಗಿ ಓಡುವ ಮೋಟಾರಿಗೂ ಅದು ನಿಜವೇ. ಡಯೋಡು-ಕೆಪಾಸಿಟರ್ ಜೋಡಿಗೆ ಮಾತ್ರ ಆ ಗಟ್ಟಿತನವೇ ಪೆಟ್ಟು. ಟ್ರಾನ್ಸ್‌ಫಾರ್ಮರಿನ ಕೆವಿಎ ಡ್ರೈವಿನದರ ಹತ್ತು ಪಟ್ಟು ಮೀರಿದರೆ ರಿಯಾಕ್ಟರ್ ಹಾಕಿ ಎಂದು ಹಲವು ತಯಾರಕರ ಕೈಪಿಡಿಗಳು ಹೇಳುವುದು ಇದೇ ಕಾರಣಕ್ಕೆ. ಆ ಸಾಲು ಸಾಮಾನ್ಯವಾಗಿ ಕೈಪಿಡಿಯ ಯಾವುದೋ ಮೂಲೆಯಲ್ಲಿರುತ್ತದೆ, ಅದು ಮೊದಲ ಪುಟದಲ್ಲಿ ಇರಬೇಕಾದ ಮಾತು.

ಲೈನ್ ರಿಯಾಕ್ಟರ್ ಎಂದರೆ ಕಬ್ಬಿಣದ ತಗಡುಗಳ ತಿರುಳಿನ ಮೇಲೆ ಸುತ್ತಿದ ಮೂರು ಸುರುಳಿ, ಫೇಸಿಗೊಂದು. ತಿರುಳಿನಲ್ಲಿ ಅಲ್ಲಲ್ಲಿ ಬೇಕೆಂದೇ ಬಿಟ್ಟ ಸಣ್ಣ ಗಾಳಿಸಂದು. ಎಲೆಕ್ಟ್ರಿಷಿಯನ್ನರು ಇದನ್ನು ಚೋಕು ಎನ್ನುತ್ತಾರೆ. ಇದರೊಳಗೆ ಅರೆವಾಹಕವಿಲ್ಲ, ಪ್ರೋಗ್ರಾಮು ಇಲ್ಲ, ಸವೆಯುವ ಭಾಗವಿಲ್ಲ. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಮತ್ತು ಅದರ ದಿಕ್ಕನ್ನು ಲೆಂಜ್ 1834ರಲ್ಲಿ ಹೇಳಿದ ನಿಯಮ, ಇವೆರಡೇ ಇದರ ಬಂಡವಾಳ: ಸುರುಳಿಯಲ್ಲಿ ಹರಿಯುವ ಕರೆಂಟು ಬದಲಾಗಲು ಹೊರಟರೆ ಸುರುಳಿ ಆ ಬದಲಾವಣೆಯನ್ನು ಎದುರಿಸುವ ವೋಲ್ಟೇಜನ್ನು ತನ್ನಲ್ಲೇ ಹುಟ್ಟಿಸಿಕೊಳ್ಳುತ್ತದೆ. ಬದಲಾವಣೆ ವೇಗವಾದಷ್ಟೂ ಎದುರುತ್ತರ ಜೋರು. ನಮ್ಮ 30 ಆಂಪಿಯರಿನ ಡ್ರೈವಿಗೆ ಶೇಕಡಾ 3ರ ರಿಯಾಕ್ಟರ್ ಎಂದರೆ, ಪೂರ್ಣ ಕರೆಂಟಿನಲ್ಲಿ ಅದರ ಎರಡು ತುದಿಗಳ ನಡುವೆ ಫೇಸ್ ವೋಲ್ಟೇಜಾದ 240ರ ಶೇಕಡಾ ಮೂರು, ಅಂದರೆ 7.2 ವೋಲ್ಟ್ ನಿಲ್ಲಬೇಕು. ಅದಕ್ಕೆ 0.24 ಓಮ್ ತಡೆ ಸಾಕು. 50 ಹರ್ಟ್ಸಿನಲ್ಲಿ ಅದು ಸುಮಾರು 0.76 ಮಿಲಿಹೆನ್ರಿ. ಇದೇ ಸುರುಳಿ 250 ಹರ್ಟ್ಸಿನ ಐದನೇ ಹಾರ್ಮೋನಿಕ್‌ಗೆ 1.2 ಓಮ್ ಆಗಿ, 550 ಹರ್ಟ್ಸಿನ ಹನ್ನೊಂದನೆಯದಕ್ಕೆ 2.6 ಓಮಿಗೂ ಮಿಗಿಲಾಗಿ ಎದುರು ನಿಲ್ಲುತ್ತದೆ. ದುಡಿಯುವ ಅಲೆಗೆ ಸುಲಭವಾಗಿ ದಾರಿ ಬಿಟ್ಟು, ಹಾಳುಮಾಡುವ ಅಲೆಗಳಿಗೆ ಹೆಚ್ಚುಹೆಚ್ಚು ಬಿಗಿಯಾಗುವ ಈ ಗುಣ ನನಗೆ ವಿದ್ಯುತ್ ವಿಜ್ಞಾನದ ಅತ್ಯಂತ ಸುಂದರ ಸಂಗತಿಗಳಲ್ಲೊಂದಾಗಿ ಕಾಣುತ್ತದೆ.

ಫಲವನ್ನೂ ಅಂಕಿಯಲ್ಲೇ ನೋಡಬಹುದು. ಗಟ್ಟಿ ಸರಬರಾಜಿನ ಮೇಲೆ ರಿಯಾಕ್ಟರಿಲ್ಲದ ಡ್ರೈವಿನ ಕರೆಂಟಿನಲ್ಲಿ ಹಾರ್ಮೋನಿಕ್‌ಗಳ ಒಟ್ಟು ಪ್ರಮಾಣ ಮೂಲ ಅಲೆಯ ಶೇಕಡಾ 80ರಿಂದ 100ರವರೆಗೂ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಶೇಕಡಾ 3ರ ರಿಯಾಕ್ಟರ್ ಅದನ್ನು 40ರ ಆಸುಪಾಸಿಗೆ, ಶೇಕಡಾ 5ರದ್ದು 35ರ ಆಸುಪಾಸಿಗೆ ಇಳಿಸುತ್ತದೆ. ನಮ್ಮ ಉದಾಹರಣೆಯಲ್ಲಿ ನಿಜವಾಗಿ ಕೆಲಸ ಮಾಡುವ ಮೂಲ ಕರೆಂಟು ಸುಮಾರು 22 ಆಂಪಿಯರ್. ಹಾರ್ಮೋನಿಕ್ ಶೇಕಡಾ 100 ಇದ್ದಾಗ ತಂತಿಯಲ್ಲಿ ಹರಿಯುವುದು 31. ಶೇಕಡಾ 40ಕ್ಕೆ ಇಳಿದಾಗ 24. ಕೇಬಲ್ಲಿನ ಕಾವು ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಶೇಕಡಾ 40ರಷ್ಟು ತಗ್ಗಿತು. ತಂತಿಯಲ್ಲಿ ಹರಿಯುವ ಕರೆಂಟಿನಲ್ಲಿ ದುಡಿಯುವ ಪಾಲು ಎಷ್ಟೆಂದು ಹೇಳುವ ಪವರ್ ಫ್ಯಾಕ್ಟರ್ 0.71ರಿಂದ 0.93ಕ್ಕೆ ಏರಿತು. ಸುರುಳಿ ತಾನೂ ಒಂದಿಷ್ಟು ಬಿಸಿಯಾಗುತ್ತದೆ, ಅದನ್ನು ಪ್ಯಾನೆಲ್ಲಿನಲ್ಲಿ ಗಾಳಿಯಾಡುವಂತೆ ಕೂರಿಸಬೇಕು. ಆದರೆ ಆ ನಷ್ಟ ಡ್ರೈವಿನ ಸಾಮರ್ಥ್ಯದ ನೂರರಲ್ಲೊಂದು ಪಾಲಿಗಿಂತ ಕಡಿಮೆ.

ಇನ್ನೊಂದು ಪೆಟ್ಟು ಫೇಸುಗಳ ಅಸಮತೋಲನದ್ದು. ಎರಡು ಫೇಸುಗಳ ನಡುವೆ 415 ಇದ್ದು ಇನ್ನೊಂದು ಜೋಡಿಯ ನಡುವೆ 405 ವೋಲ್ಟ್ ಇದೆ ಎನ್ನಿ. ನೇರವಾಗಿ ಓಡುವ ಸಣ್ಣ ಮೋಟಾರು ಇದನ್ನು ಹೇಗೋ ಸಹಿಸಿಕೊಂಡೀತು. ಡ್ರೈವಿನಲ್ಲಾದರೋ ಮೊದಲ ಜೋಡಿಯ ನೆತ್ತಿ 587, ಎರಡನೆಯದರದ್ದು 573. ಕೆಪಾಸಿಟರ್ 580ರಲ್ಲಿ ನಿಂತಿದ್ದರೆ ಎರಡನೆಯ ಜೋಡಿಯ ಡಯೋಡುಗಳು ತೆರೆಯುವುದೇ ಇಲ್ಲ. ಅದರ ಪಾಲಿನ ಹೊರೆ ಉಳಿದ ಜೋಡಿಗಳ ಮೇಲೆ ಬೀಳುತ್ತದೆ. ವೋಲ್ಟೇಜಿನಲ್ಲಿ ನೂರಕ್ಕೆ ಎರಡು-ಮೂರರ ವ್ಯತ್ಯಾಸ ಕರೆಂಟಿನಲ್ಲಿ ಹಲವು ಪಟ್ಟು ಹಿಗ್ಗುವುದು ಹೀಗೆ. ರಿಯಾಕ್ಟರ್ ಪ್ರತಿ ಜೋಡಿಯ ಕರೆಂಟನ್ನೂ ಹೆಚ್ಚು ಹೊತ್ತು ಎಳೆದು ಹಿಡಿಯುವುದರಿಂದ, ಹಿಂದೆ ಬಿದ್ದ ಜೋಡಿಗೂ ತನ್ನ ಪಾಲು ಹೊರುವ ಅವಕಾಶ ಸಿಗುತ್ತದೆ.

ಇವೆಲ್ಲ ನಿಧಾನವಾಗಿ ಆಗುವ ಹಾನಿಗಳು. ಕಾರ್ಖಾನೆಯವರ ಕಣ್ಣಿಗೆ ಮೊದಲು ಬೀಳುವುದು ಬೇರೆಯದೇ: ಡ್ರೈವು ಕಾರಣವಿಲ್ಲದೆ ಓವರ್‌ವೋಲ್ಟೇಜ್ ಎಂದು ಬರೆದುಕೊಂಡು ಟ್ರಿಪ್ ಆಗುವುದು, ಅದೂ ದಿನದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಬೆಳಗ್ಗೆ ಲೋಡು ಏರುವಾಗ ಸಬ್‌ಸ್ಟೇಷನ್ನಿನಲ್ಲಿ ದೊಡ್ಡ ಕೆಪಾಸಿಟರ್ ಬ್ಯಾಂಕುಗಳನ್ನು ಲೈನಿಗೆ ಸೇರಿಸುತ್ತಾರೆ. ಸೇರಿಸಿದ ಗಳಿಗೆಯಲ್ಲಿ ಲೈನಿನ ವೋಲ್ಟೇಜು ಥಟ್ಟನೆ ಕುಸಿದು, ಮರುಕ್ಷಣ ತನ್ನ ಮಟ್ಟವನ್ನು ದಾಟಿ ಮೇಲೆ ಹಾರಿ, ಕೆಲವು ನೂರು ಹರ್ಟ್ಸಿನಲ್ಲಿ ಒಂದಷ್ಟು ಹೊತ್ತು ತೂಗಾಡಿ ಅಡಗುತ್ತದೆ. ಆ ಜಿಗಿತ ಮಾಮೂಲಿ ನೆತ್ತಿಯ 1.4 ಪಟ್ಟಾದರೂ ಸಾಕು, 820 ವೋಲ್ಟ್ ಮುಟ್ಟುತ್ತದೆ. ಈ ವರ್ಗದ ಡ್ರೈವುಗಳು ತಮ್ಮನ್ನು ಉಳಿಸಿಕೊಳ್ಳಲು ಟ್ರಿಪ್ ಆಗುವುದು ಸಾಮಾನ್ಯವಾಗಿ 800ರ ಆಸುಪಾಸಿನಲ್ಲಿ. ಆದರೆ ಹೊರಗೆ ವೋಲ್ಟೇಜು ಏರಿದ ಮಾತ್ರಕ್ಕೆ ಒಳಗಿನ ಕೆಪಾಸಿಟರಿನಲ್ಲಿ ಏರುವುದಿಲ್ಲ, ಅದಕ್ಕೆ ಕರೆಂಟು ಹರಿದು ಬರಬೇಕು. ಕೆಪಾಸಿಟರ್ ಒಂದು ಸಾವಿರ ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೆ ಅದನ್ನು 587ರಿಂದ 800ಕ್ಕೆ ಏರಿಸಲು 0.2 ಕೂಲಂಬಿನಷ್ಟು ವಿದ್ಯುದಂಶ ಬೇಕು. ಜಿಗಿತ ಬಾಳುವುದು ಸುಮಾರು ಒಂದು ಮಿಲಿಸೆಕೆಂಡು. ಅಷ್ಟರಲ್ಲಿ ಅದು ಬಂದು ಸೇರಬೇಕಾದರೆ ಸರಾಸರಿ 200 ಆಂಪಿಯರ್ ನುಗ್ಗಬೇಕು. 500 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಅದು ಲೆಕ್ಕಕ್ಕೇ ಇಲ್ಲದ ಕೆಲಸ. ಶಾರ್ಟ್ ಸರ್ಕ್ಯೂಟಾದರೆ ಹದಿಮೂರು ಸಾವಿರ ಆಂಪಿಯರ್ ಕೊಡಬಲ್ಲ ಯಂತ್ರ ಅದು. ಈಗ ದಾರಿಯಲ್ಲಿ ನಮ್ಮ ರಿಯಾಕ್ಟರನ್ನು ಇಡೋಣ. ಕರೆಂಟು ಒಂದು ಫೇಸಿನಿಂದ ಬಂದು ಇನ್ನೊಂದರಿಂದ ಮರಳುವುದರಿಂದ ಎರಡು ಸುರುಳಿಗಳನ್ನು ದಾಟಬೇಕು, ಒಟ್ಟು 1.5 ಮಿಲಿಹೆನ್ರಿ. ನೂಕುವ ಹೆಚ್ಚುವರಿ ವೋಲ್ಟೇಜು ಸರಾಸರಿ 150 ಎಂದರೂ, ಒಂದು ಮಿಲಿಸೆಕೆಂಡು ಮುಗಿಯುವಾಗ ಕರೆಂಟು ನೂರು ಆಂಪಿಯರನ್ನು ಆಗಷ್ಟೇ ಮುಟ್ಟುತ್ತಿರುತ್ತದೆ. ಕೆಪಾಸಿಟರಿನ ಏರಿಕೆ ನೂರು ವೋಲ್ಟಿನ ಒಳಗೇ ನಿಲ್ಲುತ್ತದೆ. ಡ್ರೈವು ಟ್ರಿಪ್ ಆಗುವುದಿಲ್ಲ. ಇದು ಒರಟು ಲೆಕ್ಕ, ನಿಜ. ಆದರೆ ಎರಡು ಸ್ಥಿತಿಗಳ ನಡುವಿನ ಅಂತರ ಎಷ್ಟು ದೊಡ್ಡದೆಂದರೆ ಲೆಕ್ಕದ ಒರಟುತನ ತೀರ್ಮಾನವನ್ನು ಅಲುಗಿಸದು.

ಡ್ರೈವಿನೊಳಗೆ ಆಗಲೇ ಸರ್ಜ್ ತಡೆಯುವ ಎಂಒವಿ ಬಿಲ್ಲೆಗಳಿವೆಯಲ್ಲ, ಮತ್ತೇಕೆ ಈ ಭಾರದ ಸುರುಳಿ ಎಂದು ಕೇಳುವವರಿದ್ದಾರೆ. ಎಂಒವಿಯ ಶತ್ರು ಬೇರೆ. ಕೆಲವೇ ಮೈಕ್ರೋಸೆಕೆಂಡು ಬಾಳುವ, ಸಾವಿರಾರು ವೋಲ್ಟಿನ ಮಿಂಚಿನ ಪೆಟ್ಟನ್ನು ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ. 415 ವೋಲ್ಟಿನ ಲೈನಿಗೆ ಕೂರಿಸಿದ ಬಿಲ್ಲೆ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಸಾಮಾನ್ಯವಾಗಿ ಸಾವಿರ ವೋಲ್ಟು ದಾಟಿದ ಮೇಲೆ. 820 ವೋಲ್ಟಿನ ನಿಧಾನದ ಜಿಗಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇಬ್ಬರು ಕಾವಲುಗಾರರೂ ಬೇಕು. ಒಬ್ಬರ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಲು ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ: ಚಿಕ್ಕ ಡ್ರೈವಿನ ಹಾರ್ಮೋನಿಕ್ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಯಾವ ಲೆಕ್ಕ? ಹಾರ್ಮೋನಿಕ್ ಮಿತಿಗಳನ್ನು ಹೇಳುವ ಐಇಇಇ 519 ಮಾನದಂಡ, 1981ರಲ್ಲಿ ಬಂದು 1992, 2014, 2022ರಲ್ಲಿ ಪರಿಷ್ಕಾರಗೊಂಡದ್ದು, ಅಂಥ ಕಾರ್ಖಾನೆಯನ್ನು ಸಲೀಸಾಗಿ ತೇರ್ಗಡೆ ಮಾಡುತ್ತದಲ್ಲ? ಮಾಡುತ್ತದೆ. ಆದರೆ ಆ ಮಾನದಂಡ ನೋಡುವುದು ಗ್ರಾಹಕ ಜಾಲಕ್ಕೆ ಸೇರುವ ಬಿಂದುವಿನಲ್ಲಿ. ಈ ಗ್ರಾಹಕನಿಂದ ನೆರೆಯವರಿಗೆ ತೊಂದರೆಯೇ ಎಂಬುದು ಅದರ ಪ್ರಶ್ನೆ. ಜಾಲದಿಂದ ಡ್ರೈವಿಗೆ ತೊಂದರೆಯೇ ಎಂದು ಅದು ಕೇಳುವುದಿಲ್ಲ. ನಿಯಮ ಪಾಸಾದದ್ದು ಡ್ರೈವು ಕ್ಷೇಮವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇದರ ಜೊತೆಗೆ, ಪವರ್ ಫ್ಯಾಕ್ಟರ್ ಕುಸಿದು ಬಿಲ್ಲಿನಲ್ಲಿ ದಂಡ ಬಿದ್ದರೆ ಕಾರ್ಖಾನೆಗಳು ಮೊದಲು ಮಾಡುವ ಕೆಲಸ ಕೆಪಾಸಿಟರ್ ಪ್ಯಾನೆಲ್ ಹಾಕಿಸುವುದು. ಕೆಪಾಸಿಟರು ಅಲೆಯ ಹಿಂದುಳಿಕೆಯನ್ನು ಸರಿಪಡಿಸೀತೇ ಹೊರತು ಆಕಾರಗೆಟ್ಟ ಅಲೆಯನ್ನಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಟ್ರಾನ್ಸ್‌ಫಾರ್ಮರಿನೊಂದಿಗೆ ಸೇರಿ ತನ್ನದೇ ಒಂದು ಸಹಜ ಆವೃತ್ತಿಯನ್ನು ಹುಟ್ಟಿಸುತ್ತದೆ. ನಮ್ಮ 500 ಕೆವಿಎ ಟ್ರಾನ್ಸ್‌ಫಾರ್ಮರಿನ ಶಾರ್ಟ್ ಸರ್ಕ್ಯೂಟ್ ಬಲ 10,000 ಕೆವಿಎ. ಅದರ ಮೇಲೆ 200 ಕೆವಿಎಆರ್ ಕೆಪಾಸಿಟರ್ ಸೇರಿಸಿದರೆ 10,000ವನ್ನು 200ರಿಂದ ಭಾಗಿಸಿದ 50ರ ವರ್ಗಮೂಲ, ಅಂದರೆ ಏಳು ಪಟ್ಟಿಗೆ ತೀರ ಹತ್ತಿರ ಅನುರಣನ ಕೂರುತ್ತದೆ. ಏಳನೇ ಹಾರ್ಮೋನಿಕ್ ಡ್ರೈವುಗಳು ಹೊರಹಾಕುವಂಥದ್ದೇ. ಚಿಕ್ಕ ಡ್ರೈವುಗಳು ಹತ್ತು ಸೇರಿ ಎಬ್ಬಿಸುವ ಆ ಅಲೆ ಅಲ್ಲಿ ಉಬ್ಬಿ, ಕೆಪಾಸಿಟರುಗಳನ್ನು ಕಾಯಿಸಿ, ಫ್ಯೂಸುಗಳನ್ನು ಸುಡುತ್ತದೆ. ಹಾರ್ಮೋನಿಕ್ಕನ್ನು ಅದು ಹುಟ್ಟುವ ಜಾಗದಲ್ಲೇ ರಿಯಾಕ್ಟರಿನಿಂದ ತಗ್ಗಿಸಿದ್ದರೆ ಪವರ್ ಫ್ಯಾಕ್ಟರೂ ಏರುತ್ತಿತ್ತು, ಅಷ್ಟು ಕೆಪಾಸಿಟರಿನ ಅಗತ್ಯವೇ ಬೀಳುತ್ತಿರಲಿಲ್ಲ.

ವೋಲ್ಟೇಜು ಇಳಿಯುತ್ತದಲ್ಲ ಎಂಬ ಅಳುಕು ಅರ್ಧ ಸರಿ. ಶೇಕಡಾ 3ರ ರಿಯಾಕ್ಟರ್ ಎಂದರೆ ವೋಲ್ಟೇಜಿನಲ್ಲಿ ಶೇಕಡಾ 3 ಕಳೆದುಹೋಯಿತು ಎಂದು ಹಲವರು ಎಣಿಸುತ್ತಾರೆ. ಸುರುಳಿಯ ವೋಲ್ಟೇಜು ಲೈನಿನದಕ್ಕೆ ಕಾಲು ಸುತ್ತು ಓರೆಯಾಗಿ ನಿಲ್ಲುವುದರಿಂದ ನೇರ ಕಳೆಯುವ ಲೆಕ್ಕ ಇಲ್ಲಿ ಸಲ್ಲದು. ಪೂರ್ಣ ಲೋಡಿನಲ್ಲಿ ಕರೆಂಟು ಒಂದು ಡಯೋಡಿನಿಂದ ಇನ್ನೊಂದಕ್ಕೆ ದಾಟುವಾಗ ಡಿಸಿ ವೋಲ್ಟೇಜಿನಲ್ಲಿ ಆಗುವ ಕಡಿತ ನಮ್ಮ ಉದಾಹರಣೆಯಲ್ಲಿ ಆರೇಳು ವೋಲ್ಟು ಮಾತ್ರ. ಅದರ ಜೊತೆಗೆ ಡಿಸಿ ನೆತ್ತಿಯ 587ರಿಂದ ಸರಾಸರಿಯಾದ 560ರ ಕಡೆಗೆ ವಾಲುತ್ತದೆ. ಡ್ರೈವಿನ ವಿನ್ಯಾಸ ಅದನ್ನು ನಿರೀಕ್ಷಿಸಿಯೇ ಇರುತ್ತದೆ. ಆದರೆ ಉದ್ದನೆಯ ಲೈನಿನ ಕೊನೆಯಲ್ಲಿ, ಸಂಜೆಯ ಹೊತ್ತಿಗೆ 370 ವೋಲ್ಟು ಬಂದರೆ ಹೆಚ್ಚು ಎನ್ನುವಲ್ಲಿ, ಈ ಅಳುಕು ಪೂರ್ತಿ ಸರಿ. ಅಲ್ಲಿ ಲೈನೇ ಒಂದು ತಡೆ, ಟ್ರಾನ್ಸ್‌ಫಾರ್ಮರೂ ಚಿಕ್ಕದು. ಮತ್ತೊಂದು ಸುರುಳಿ ಸೇರಿಸಿದರೆ ರಕ್ಷಣೆ ಹೆಚ್ಚುವುದಿಲ್ಲ, ಡ್ರೈವು ಅಂಡರ್‌ವೋಲ್ಟೇಜ್ ಎಂದು ನಿಂತೀತು. ಟ್ರಾನ್ಸ್‌ಫಾರ್ಮರಿಗೂ ಡ್ರೈವಿಗೂ ನಡುವಿನ ಅನುಪಾತದ ಲೆಕ್ಕ ಹೇಳಿದ್ದೂ ಅದನ್ನೇ. ಶೇಕಡಾ 3ರಿಂದ 5ಕ್ಕೆ ಹೋದಾಗ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಹಾಗಾಗಿ ಬರೀ ರಕ್ಷಣೆಗೆ 3 ಸಾಕು. ಹಾರ್ಮೋನಿಕ್ಕನ್ನು ತಗ್ಗಿಸುವುದೇ ಮುಖ್ಯ ಗುರಿಯಾದರೆ 5ರ ಬಗ್ಗೆ ಯೋಚಿಸಬಹುದು.

ಡ್ರೈವಿನ ಒಳಗೇ, ಡಯೋಡುಗಳಿಗೂ ಕೆಪಾಸಿಟರಿಗೂ ನಡುವೆ ಕೂರಿಸುವ ಡಿಸಿ ಚೋಕು ಇದ್ದರೆ ಹೊರಗಿನದು ಬೇಡವೇ? ಹಾರ್ಮೋನಿಕ್ ಮತ್ತು ಕೆಪಾಸಿಟರಿನ ಕಾವಿನ ಮಟ್ಟಿಗೆ ಡಿಸಿ ಚೋಕು ಒಳ್ಳೆಯ ಬದಲಿ, ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ. ವ್ಯತ್ಯಾಸ ಇರುವುದು ಡಯೋಡುಗಳ ಮಟ್ಟಿಗೆ. ಲೈನಿನಲ್ಲಿ ವೋಲ್ಟೇಜು ಜಿಗಿದಾಗ ಡಿಸಿ ಚೋಕಿನ ಹಿಂದೆ ಕೆಪಾಸಿಟರ್ ಕ್ಷೇಮವಾಗಿರುತ್ತದೆ, ಆದರೆ ಮುಂದಿರುವ ಮುಚ್ಚಿದ ಡಯೋಡುಗಳು ಆ ಜಿಗಿತವನ್ನು ಪೂರ್ತಿ ಮೈಮೇಲೆ ತೆಗೆದುಕೊಳ್ಳುತ್ತವೆ. ಸುರುಳಿ ಹೊರಗಿದ್ದರೆ ಜಿಗಿತದ ಬಹುಪಾಲು ಅದರ ಮೇಲೆಯೇ ನಿಂತು, ಡಯೋಡುಗಳು ಕೆಪಾಸಿಟರಿನ ಶಾಂತ ವೋಲ್ಟೇಜನ್ನು ಮಾತ್ರ ಕಾಣುತ್ತವೆ. ಡಿಸಿ ಚೋಕು ದೊಡ್ಡ ಡ್ರೈವುಗಳಲ್ಲಿ ಎಷ್ಟೋ ಸಲ ಮೊದಲೇ ಇರುತ್ತದೆ. ಬೆಲೆಗೂ ಜಾಗಕ್ಕೂ ಕಟ್ಟುಬಿದ್ದ ಚಿಕ್ಕ ಡ್ರೈವುಗಳಲ್ಲಿ ಬಹುತೇಕ ಇರುವುದಿಲ್ಲ. ಹೀಗೆ ನೋಡಿದರೂ ಹೆಚ್ಚು ಬಯಲಿಗೆ ಬಿದ್ದಿರುವುದು ಚಿಕ್ಕದೇ.

ರಿಯಾಕ್ಟರಿನಿಂದ ಆಗದ ಕೆಲಸಗಳೂ ಇವೆ. ಮಿಂಚಿನ ಪೆಟ್ಟಿಗೆ ಸರ್ಜ್ ಅರೆಸ್ಟರೇ ಬೇಕು. ಲೈನಿನ ವೋಲ್ಟೇಜು ಕುಸಿದರೆ ರಿಯಾಕ್ಟರ್ ಅದನ್ನು ಎತ್ತಿ ಹಿಡಿಯಲಾರದು. ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲು ತೀರ ಉದ್ದವಾದಾಗ ಐಜಿಬಿಟಿಯ ಚುರುಕು ಏಟುಗಳು ಮೋಟಾರಿನ ತುದಿಯಲ್ಲಿ ಪ್ರತಿಫಲಿಸಿ ಇಮ್ಮಡಿಯಾಗಿ ಮೋಟಾರಿನ ಸುರುಳಿಯ ಇನ್ಸುಲೇಷನ್ನನ್ನು ಕೊರೆಯುತ್ತವೆ. ಅದು ಹಿಂಬಾಗಿಲ ಸಮಸ್ಯೆ, ಅದಕ್ಕೆ ಅಲ್ಲೇ ಬೇರೆ ಫಿಲ್ಟರು ಬೇಕು.

ಕೊನೆಗೆ, ರಿಯಾಕ್ಟರ್ ಹಾಕಲು ಒಪ್ಪಿದವರೂ ಎಡವುವ ಒಂದು ಜಾಗವಿದೆ. ಐದು ಚಿಕ್ಕ ಡ್ರೈವುಗಳಿಗೆ ಐದು ಸುರುಳಿ ಯಾಕೆ, ಪ್ಯಾನೆಲ್ಲಿನ ಬಾಯಲ್ಲಿ 150 ಆಂಪಿಯರಿನ ಶೇಕಡಾ 3ರದ್ದು ಒಂದೇ ಇಟ್ಟರೆ ಸಾಲದೇ ಎಂಬ ಉಳಿತಾಯದ ಯೋಚನೆ ಅದು. ಐದೂ ಪೂರ್ಣ ಲೋಡಿನಲ್ಲಿ ಓಡುವಾಗ ಲೆಕ್ಕ ಸರಿಹೋಗುತ್ತದೆ. ಆದರೆ ಆ ಸುರುಳಿಯ ತಡೆ 0.048 ಓಮ್. ರಾತ್ರಿ ಪಾಳಿಯಲ್ಲಿ ಒಂದೇ ಡ್ರೈವು ಓಡುತ್ತಿರುವಾಗ ಅದರ 30 ಆಂಪಿಯರಿಗೆ ಇದು 1.4 ವೋಲ್ಟಿನ ಎದುರುತ್ತರ ಕೊಡುತ್ತದೆ, ಶೇಕಡಾ 0.6. ಟ್ರಾನ್ಸ್‌ಫಾರ್ಮರಿನ 0.2 ಸೇರಿಸಿದರೂ ಒಂದನ್ನು ಮುಟ್ಟುವುದಿಲ್ಲ. ಅದೂ ಅಲ್ಲದೆ ಪ್ಯಾನೆಲ್ಲಿನ ಒಳಗೆ ಐದು ಡ್ರೈವುಗಳ ಮುಂಬಾಗಿಲುಗಳು ಪರಸ್ಪರ ನೇರವಾಗಿ ತೆರೆದುಕೊಂಡಿರುತ್ತವೆ, ಒಂದರ ಗೊಂದಲ ಇನ್ನೊಂದಕ್ಕೆ ಹಾಯಲು ತಡೆಯೇ ಇರುವುದಿಲ್ಲ. ಡ್ರೈವಿಗೊಂದು ಸುರುಳಿ, ಅದರ ಕರೆಂಟಿಗೆ ಅಳೆದು ಮಾಡಿಸಿದ್ದು, ಅದರ ಟರ್ಮಿನಲ್ಲಿಗೆ ಹತ್ತಿರದಲ್ಲೇ ಕೂರಿಸಿದ್ದು ಇದ್ದರೆ ಒಂದು ಓಡಿದರೂ ಐದು ಓಡಿದರೂ ಪ್ರತಿ ಡ್ರೈವಿಗೂ ಅದರ ಶೇಕಡಾ 3 ಸಿಗುತ್ತದೆ.